ಹಳೆಯ ಸ್ಟೀರಿಯೋಗೆ ಹೊಸ ಕಂಡೆನ್ಸರು

ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ಹಿಂದಿನ ಮಾಲಿಕರು ಬಿಟ್ಟುಹೋದ ವಾಲ್ವಿನ ಸ್ಟೀರಿಯೋ ಆಂಪ್ಲಿಫಯರೊಂದು ಅಟ್ಟದ ಮೇಲೆ ಬಿದ್ದಿದ್ದಿತು. ಒಂದು ಸಂಜೆ ಉತ್ಸಾಹದಿಂದ ಅದನ್ನು ಕೆಳಗಿಳಿಸಿ ನೇರವಾಗಿ ವಿದ್ಯುತ್ತಿಗೆ ಜೋಡಿಸಿದೆವು. ಹಾಡಿಗೆ ಬದಲಾಗಿ ‘ಗುಂಯ್’ ಎಂಬ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿಯೇ ಸುಟ್ಟ ವಾಸನೆ! ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಹೊತ್ತಿಹೋಗಿತ್ತು. ನಾವು ಮಾಡಿದ ತಪ್ಪನ್ನು ವಾಚಕರು ಮಾಡದಿರಲೆಂದು ಈ ನಾಲ್ಕು ಮಾತು.

ಇಂತಹ ಯಂತ್ರಗಳಲ್ಲಿ ಮೊದಲು ಮುಪ್ಪಾಗುವುದು ಕಂಡೆನ್ಸರು. ಎಲೆಕ್ಟ್ರೊಲೈಟಿಕ್ ಕಂಡೆನ್ಸರಿನಲ್ಲಿ ಅಲ್ಯುಮಿನಿಯಂ ಹಾಳೆಗಳ ನಡುವೆ ದ್ರಾವಣದಲ್ಲಿ ತೋಯಿಸಿದ ಕಾಗದವಿಟ್ಟು ಸುರುಳಿ ಸುತ್ತಿರುತ್ತಾರೆ. ಕಾಲಕ್ರಮದಲ್ಲಿ ದ್ರಾವಣವು ಒಣಗುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ ಒಣಗುತ್ತದೆ. ಬಳಸದೆ ಇಟ್ಟರೆ ಹಾಳೆಯ ಮೇಲಿನ ಆಕ್ಸೈಡಿನ ತೆಳುಪದರವೂ ದುರ್ಬಲವಾಗುತ್ತದೆ. ನಮ್ಮ 50 ಸೈಕಲ್ಲಿನ ವಿದ್ಯುತ್ತು ರೆಕ್ಟಿಫಯರಿನಿಂದ ಹೊರಬರುವಾಗ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಅದನ್ನು ಸಮಗೊಳಿಸುವ ಶಕ್ತಿ ಒಣಗಿದ ಕಂಡೆನ್ಸರಿಗಿಲ್ಲ. ಆ ಗುಂಯ್‌ಗುಡುವಿಕೆಯ ಮೂಲ ಇದೇ.

ಕಾಗದದ ಕಪ್ಲಿಂಗ್ ಕಂಡೆನ್ಸರುಗಳದು ಇನ್ನೊಂದು ರೋಗ. ಅವು ಸೋರತೊಡಗಿದರೆ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಸಲ್ಲದ ವೋಲ್ಟೇಜು ತಲಪಿ, ವಾಲ್ವು ಕೆಂಪಗೆ ಕಾದು, ಟ್ರಾನ್ಸ್‌ಫಾರ್ಮರು ಸುಡುತ್ತದೆ. ನಮ್ಮಲ್ಲಿ ಆದುದು ಇದೇ ಎಂದು ಮಿಸ್ತ್ರಿ ತೋರಿಸಿಕೊಟ್ಟರು.

ಪ್ಲಗ್ಗು ಕಿತ್ತ ಮಾತ್ರಕ್ಕೆ ಅಪಾಯ ಕಳೆಯಲಿಲ್ಲ. ಕಂಡೆನ್ಸರಿನೊಳಗೆ 300–400 ವೋಲ್ಟು ಉಳಿದಿರಬಹುದು. ಪ್ರಾಣ ತೆಗೆಯಲು ಅಷ್ಟು ಸಾಕು. ಆದುದರಿಂದ ಈ ಕೆಲಸ ಬಲ್ಲವರದೇ. ಅವರು ರೆಸಿಸ್ಟರಿನ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಿಂದ ಖಚಿತಪಡಿಸಿಕೊಂಡ ಮೇಲೆಯೇ ಕೈಹಾಕುತ್ತಾರೆ.

ಮಾಡಿಸುವವರು ಗಮನಿಸಬೇಕಾದುದಿಷ್ಟು: ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ವಾಲ್ವಿನ ರೆಕ್ಟಿಫಯರಿದ್ದಲ್ಲಿ ಬಹಳ ಹೆಚ್ಚಿಸಿದರೆ ವಾಲ್ವು ತಾಳದು. ವೋಲ್ಟೇಜು ಹಳೆಯದರಷ್ಟು ಅಥವಾ ಮೇಲಿರಲಿ, ಕಡಿಮೆ ಕೂಡದು. 105 ಡಿಗ್ರಿ ತಾಳುವುದು ಮೇಲು. ಧನ–ಋಣ ತುದಿಗಳು ಅದಲುಬದಲಾದರೆ ಕಂಡೆನ್ಸರು ಸಿಡಿಯಬಹುದು. ಕಾಗದದವುಗಳ ಬದಲು ಪಾಲಿಯೆಸ್ಟರು ಫಿಲ್ಮಿನವು ಸಾಕು. ಎಡಬಲ ಎರಡು ಪಾರ್ಶ್ವಗಳಲ್ಲಿಯೂ ಒಟ್ಟಿಗೇ ಬದಲಾಯಿಸಿದರೆ ಧ್ವನಿ ಸಮನಾಗಿರುತ್ತದೆ. ಮೊದಲ ಸಲ ಸೀರೀಸ್ ಬಲ್ಬಿನ ಮೂಲಕವೇ ಹಚ್ಚಲಿ. ಬಲ್ಬು ಪ್ರಖರವಾಗಿಯೇ ಉಳಿದರೆ ಒಳಗೆ ದೋಷವುಂಟೆಂದರ್ಥ.

ನಮ್ಮ ಟ್ರಾನ್ಸ್‌ಫಾರ್ಮರನ್ನು ಮರಳಿ ಸುತ್ತಿಸಲು ತಗುಲಿದ ವೆಚ್ಚ ಕಂಡೆನ್ಸರುಗಳ ಬೆಲೆಯ ಎಷ್ಟೋ ಪಾಲು ಹೆಚ್ಚು. ಸ್ಟೌವಿನ ವಾಶರು ಸವೆದರೆ ಸ್ಟೌವನ್ನೇ ಗುಜರಿಗೆ ಹಾಕುವವರು ನಮ್ಮಲ್ಲಿಲ್ಲ. ಕಷ್ಟಪಟ್ಟು ಉಳಿಸಿದ ಹಣದಿಂದ ಚೋರ್ ಬಜಾರಿನಲ್ಲಿ ಹಳೆಯ ಯಂತ್ರ ಕೊಳ್ಳುವ ಬಂಧುಗಳು, ಪ್ಲಗ್ಗು ಚುಚ್ಚುವ ಮೊದಲು ಅದನ್ನೊಮ್ಮೆ ಮಿಸ್ತ್ರಿಗೆ ತೋರಿಸಲಿ.