ಕಸೂತಿಯಂತ್ರದ ಹುಕ್ಕು

ರವಿಕೆಯ ತೋಳುಗಳ ಮೇಲೆ ಈಗ ಕಾಣುವ ಹೂಬಳ್ಳಿಗಳಲ್ಲಿ ಬಹುಭಾಗವು ಯಂತ್ರದಿಂದ ಆದುದೆಂಬುದು ವಾಚಕರಿಗೆ ವಿದಿತವೇ ಇದೆ. ಸಾಲ ತೆಗೆದು ಅಂತಹ ಯಂತ್ರವೊಂದನ್ನು ಪಡಸಾಲೆಯಲ್ಲಿಯೇ ಇರಿಸಿಕೊಂಡು ಜೀವಿಸುವ ಕುಟುಂಬಗಳೂ ಉಂಟು. ಆ ಯಂತ್ರದ ಒಳಗೆ, ಕಣ್ಣಿಗೆ ಬೀಳದೆ ಸವೆಯುವ ಒಂದು ಅಂಗದ ವಿಷಯವನ್ನು ಇಲ್ಲಿ ನಿರೂಪಿಸುತ್ತೇನೆ.

ಸೂಜಿಯು (ಸಂಸ್ಕೃತದ ‘ಸೂಚಿ’ ಶಬ್ದದ ತದ್ಭವವಿದು) ಮೇಲಿನ ದಾರವನ್ನು ಹೊತ್ತು ಬಟ್ಟೆಯೊಳಗೆ ಇಳಿಯುತ್ತದೆ. ತೀರ ಕೆಳಕ್ಕೆ ಹೋಗಿ ಕಿಂಚಿತ್ತು ಮೇಲೇಳುವಾಗ ದಾರವು ಸಡಿಲಿ, ಸೂಜಿಯ ಹಿಂಬದಿಯಲ್ಲಿ ಸಣ್ಣ ಕುಣಿಕೆಯಾಗುತ್ತದೆ. ಬಟ್ಟೆಯ ಕೆಳಗೆ ತಿರುಗುವ ಹುಕ್ಕೆಂಬ ಉಕ್ಕಿನ ಬಟ್ಟಲಿಗೆ ಕೊಕ್ಕಿನಂತಹ ಮೊನೆಯೊಂದಿದೆ. ಅದು ಕುಣಿಕೆಯನ್ನು ಹಿಡಿದು, ಬಾಬಿನ್ನಿನ ಸುತ್ತ ದಾಟಿಸಿ ಬಿಡುತ್ತದೆ. ಮೇಲಿನ ದಾರವೂ ಕೆಳಗಿನ ದಾರವೂ ಪರಸ್ಪರ ಹೆಣೆದು ಒಂದು ಹೊಲಿಗೆಯಾಗುತ್ತದೆ. ಅಮೆರಿಕದ ಅಲೆನ್ ವಿಲ್ಸನ್ ಎಂಬಾತನು ತಿರುಗುವ ಹುಕ್ಕಿಗೆ 1851ರಲ್ಲಿ ಪೇಟೆಂಟ್ ಪಡೆದನು. ಇಂದಿಗೂ ತತ್ತ್ವವು ಅದೇ. ಒಂದು ಹೊಲಿಗೆಗೆ ಹುಕ್ಕಿನದು ಎರಡು ಸುತ್ತು. ನಿಮಿಷಕ್ಕೆ 800 ಹೊಲಿಗೆ ಹಾಕುವ ಯಂತ್ರದಲ್ಲಿ ಗಂಟೆಗೆ 96,000 ಸುತ್ತುಗಳಾದುವು. ಉಕ್ಕಾದರೂ ಸವೆಯದಿರುವುದೆಂತು?

ಸವೆತದ ಲಕ್ಷಣಗಳು ಮೋಸಗೊಳಿಸತಕ್ಕವು. ದಾರ ಹರಿಯುತ್ತದೆ, ಹೊಲಿಗೆ ತಪ್ಪುತ್ತದೆ, ಹುಕ್ಕಿನ ಕಡೆಯಿಂದ ಕಟಕಟ ಸದ್ದು ಕೇಳುತ್ತದೆ. ದೋಷವು ಮಾತ್ರ ದಾರದ ಪಾಲಿಗೆ ಬರುತ್ತದೆ. ನಮ್ಮ ಬೀದಿಯಲ್ಲಿರುವ ನನ್ನ ಹಳೆಯ ಶಿಷ್ಯೆಯೊಬ್ಬಳಿಗೆ ಲಗ್ನಗಳ ಕಾಲದಲ್ಲಿಯೇ ಈ ಸಂಕಟವು ಒದಗಿತು. ದಾರವನ್ನು ಬದಲಿಸಿದಳು, ಸೂಜಿಯನ್ನು ಬದಲಿಸಿದಳು, ಬಿಗಿತವನ್ನು ಹೆಚ್ಚು ಕಡಿಮೆ ಮಾಡಿ ನೋಡಿದಳು. ಹನ್ನೊಂದು ರವಿಕೆಗಳು ಬಾಕಿ. ಸಾಲದ ಕಂತು ತಲೆಯ ಮೇಲೆ. “ಮೇಷ್ಟ್ರೇ, ಬೇರೆ ಯಂತ್ರವನ್ನೇ ಕೊಳ್ಳಬೇಕೆನ್ನುತ್ತಾರೆ” ಎಂದು ಕಣ್ಣೀರು ತಂದುಕೊಂಡಳು. ವೃದ್ಧ ಮೆಕ್ಯಾನಿಕ್ಕೊಬ್ಬರು ಬಂದು, ಯಂತ್ರವನ್ನು ನಿಲ್ಲಿಸಿ, ಹುಕ್ಕಿನ ಮೊನೆಯ ಮೇಲೆ ಉಗುರನ್ನು ಆಡಿಸಿದರು. ಉಗುರು ತೊಡರಿತು. ಸಣ್ಣ ಮುಳ್ಳಾದರೆ ನುಣುಪಾದ ಎಮರಿ ಬಟ್ಟೆಯಿಂದ ಉಜ್ಜಿ ತೆಗೆಯಬಹುದು. ಮೊನೆಯೇ ಮೊಂಡಾಗಿದ್ದರೆ, ಅಥವಾ ಒಳಬುಟ್ಟಿ ತೂಗಾಡುತ್ತಿದ್ದರೆ, ಬದಲಾಯಿಸದೆ ಗತಿಯಿಲ್ಲ. ಉಜ್ಜಿ ಉಜ್ಜಿ ಕಾಲ ತಳ್ಳುವವರನ್ನು ನಾನು ಮೆಚ್ಚಲಾರೆ. ಮೊನೆ ಗಿಡ್ಡವಾದಷ್ಟೂ ಅದು ಕುಣಿಕೆಯನ್ನು ತಪ್ಪಿಸುತ್ತದೆ.

ಅವರು ಮಾಡಿದ ಕೆಲಸವನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆನು. ಮೊದಲು ವಿದ್ಯುತ್ತಿನ ಪ್ಲಗ್ಗನ್ನು ಕಿತ್ತರು. ಸೂಜಿಯ ಕೆಳಗಿನ ತಟ್ಟೆಯನ್ನೂ ಬಾಬಿನ್ ಡಬ್ಬಿಯನ್ನೂ ತೆಗೆದು, ಒಳಬುಟ್ಟಿ ತಿರುಗದಂತೆ ತಡೆಯುವ ಉಕ್ಕಿನ ಬೆರಳನ್ನು ಬಿಚ್ಚಿದರು. ಹುಕ್ಕನ್ನು ದಂಡಕ್ಕೆ ಬಿಗಿದಿರುವ ಮೂರು ಸ್ಕ್ರೂಗಳನ್ನು ಸಡಿಲಿಸಿದೊಡನೆ ಅದು ಕೈಗೆ ಬಂದಿತು. ಇಷ್ಟು ಮಾಡಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಹೊಸ ಹುಕ್ಕನ್ನು ತೂರಿಸುವುದೂ ಸುಲಭ.

ಕಷ್ಟವು ಅನಂತರದ್ದು. ಮೊನೆಯು ಸೂಜಿಯನ್ನು ಸಂಧಿಸುವ ಕ್ಷಣವು ಸರಿಯಾಗಿರಬೇಕು. ಮುಖ್ಯ ದಂಡದ ಒಂದು ಸುತ್ತನ್ನು 360 ಅಂಶಗಳಾಗಿ ಗುರುತಿಸಿರುತ್ತಾರೆ. ಜಪಾನಿನ ತಜಿಮಾ ಯಂತ್ರಗಳಲ್ಲಿ ಸಾಧಾರಣವಾಗಿ 201 ಅಂಶದಲ್ಲಿ ಈ ಸಂಧಿ ಆಗತಕ್ಕದ್ದು. ಬೇರೆ ತಯಾರಕರ ಅಂಕೆ ಬೇರೆಯಾದುದರಿಂದ ಯಂತ್ರದ ಕೈಪಿಡಿಯನ್ನೇ ಪ್ರಮಾಣವೆಂದು ಹಿಡಿಯಬೇಕು. ಮೊನೆಗೂ ಸೂಜಿಗೂ ನಡುವೆ 0.1ರಿಂದ 0.3 ಮಿಲಿಮೀಟರಿನಷ್ಟು ಎಡೆ ಇರಬೇಕು. ಎಡೆ ಹೆಚ್ಚಿದರೆ ಹೊಲಿಗೆ ತಪ್ಪುವುದು. ತಗುಲಿದರೆ ಸೂಜಿ ಮುರಿಯುವುದು, ಹೊಸ ಮೊನೆಯೂ ಕೆಡುವುದು. ಹಾಗಾಗಿ ಅವರು ಒಂದು ಸ್ಕ್ರೂವನ್ನು ಅರೆಬಿಗಿ ಮಾಡಿ, ದಂಡವನ್ನು ಕೈಯಿಂದ ತಿರುಗಿಸಿ, ಭೂತಕನ್ನಡಿಯಲ್ಲಿ ನೋಡಿ, ಪುನಃ ಸಡಿಲಿಸಿ, ಹೀಗೆ ಮುಕ್ಕಾಲು ಗಂಟೆ ಕಳೆದರು. ತಡೆಬೆರಳನ್ನು ಮರಳಿ ಕೂರಿಸುವಾಗಲೂ ಅದರ ಪಕ್ಕದಲ್ಲಿ ದಾರವು ನಿರಾತಂಕವಾಗಿ ಜಾರುವಷ್ಟು ಜಾಗವನ್ನು ಬಿಟ್ಟರು.

ಪರೀಕ್ಷೆ ನಡೆದುದು ಬಟ್ಟೆಯ ಹಿಂಬದಿಯಲ್ಲಿ. ಧಾರವಾಡದ ಕಡೆಯ ಗವಂತಿ ಕಸೂತಿಯಲ್ಲಿ ಎರಡು ಮುಖಗಳೂ ಒಂದೇ ಸಮನಾಗಿರುತ್ತವೆ. ಯಂತ್ರದ ಕೆಲಸ ಹಾಗಲ್ಲ. ಒತ್ತಾದ ಪಟ್ಟಿಯೊಂದನ್ನು ಹೊಲಿದು ತಿರುಗಿಸಿ ನೋಡಿದರೆ, ಬಾಬಿನ್ನಿನ ಬಿಳಿಯ ದಾರವು ನಡುವಿನ ಮೂರನೆಯ ಒಂದು ಪಾಲಿನಲ್ಲಿ ಕಾಣಬೇಕು. ಅಂದು ಹಾಗೆಯೇ ಕಂಡಿತು.

ಹಳೆಯ ಹುಕ್ಕು ಅಷ್ಟು ಬೇಗ ಸವೆದುದೇಕೆಂದು ಕೇಳಿದೆನು. ಅವರು ಒಳಬುಟ್ಟಿ ಕೂರುವ ಗಾಡಿಯನ್ನು ತೋರಿಸಿದರು. ಎಣ್ಣೆಯ ಸುಳಿವೇ ಇಲ್ಲದೆ ಕಪ್ಪಾಗಿತ್ತು. ಬಟ್ಟೆಗೆ ಕಲೆಯಾದೀತೆಂಬ ಭಯದಿಂದ ಶಿಷ್ಯೆಯು ಎಣ್ಣೆ ಬಿಡುವುದನ್ನೇ ನಿಲ್ಲಿಸಿದ್ದಳಂತೆ. ಪ್ರತಿದಿನ ಕೆಲಸಕ್ಕೆ ಮುನ್ನ ಅಲ್ಲಿಗೆ ಒಂದೇ ತೊಟ್ಟು ಎಣ್ಣೆ ಬಿಟ್ಟು, ಹಳೆಯ ಬಟ್ಟೆಯ ಮೇಲೆ ಕೆಲವು ಹೊಲಿಗೆ ಹಾಕಿ, ಆಮೇಲೆ ರೇಷ್ಮೆಯನ್ನು ಏರಿಸುವಂತೆ ಅವಳಿಗೆ ಹೇಳಿ, ಅವರು ಚೀಲವನ್ನು ಹೆಗಲಿಗೇರಿಸಿದರು.