ವಾಕ್ಯದ ಕಟ್ಟನ್ನು ಬಿಡಿಸಿ ನೋಡುವವರು

ಸುಳ್ಯದ ಬಳಿಯ ಅಜ್ಜಾವರದಂತಹ ಊರಿನಲ್ಲಿ ಶಾಲೆಗೆ ಸೇರುವ ಮೊದಲೇ ಮಗುವಿನ ಕಿವಿಗೆ ತುಳು, ಅರೆಭಾಷೆ, ಹವ್ಯಕ ಕನ್ನಡ, ಮಲಯಾಳಗಳು ಬಿದ್ದಿರುತ್ತವೆ. ತುಳು ಮಾತಿನ ಮಗು ‘ಎಂಕ್ ಬಡವಾಪುಂಡು’ ಎನ್ನುತ್ತದೆ. ಕನ್ನಡದ ಮಗು ‘ನನಗೆ ಹಸಿವಾಗುತ್ತಿದೆ’ ಎನ್ನುತ್ತದೆ. ಶಬ್ದಗಳು ಬೇರೆ, ಕಟ್ಟು ಒಂದೇ. ಹಸಿದ ವ್ಯಕ್ತಿ ಎರಡರಲ್ಲಿಯೂ ಚತುರ್ಥಿಯಲ್ಲಿಯೇ ಇದ್ದಾನೆ.

ಹಾಗಾದರೆ ಇಂತಹ ವಾಕ್ಯದಲ್ಲಿ ಕರ್ತೃ ಯಾವುದು? ವಾಕ್ಯರಚನೆಯ ವಿದ್ವಾಂಸನ ಕೆಲಸ ಇಲ್ಲಿಂದ ಮೊದಲಾಗುತ್ತದೆ. ‘ಅವನಿಗೆ ತನ್ನ ತಾಯಿ ನೆನಪಾದಳು’ ಎಂಬುದನ್ನು ನೋಡಿ. ಕ್ರಿಯಾಪದವು ತಾಯಿಯ ಲಿಂಗವನ್ನು ಅನುಸರಿಸಿದೆ. ಆದರೆ ಸಾಮಾನ್ಯವಾಗಿ ಕರ್ತೃವನ್ನು ನಿರ್ದೇಶಿಸುವ ‘ತನ್ನ’ ಎಂಬ ಪದವು ಇಲ್ಲಿ ‘ಅವನಿಗೆ’ ಎಂಬುದರ ಕಡೆಗೆ ತಿರುಗಿದೆ. ಕರ್ತೃತ್ವದ ಲಕ್ಷಣಗಳು ಎರಡು ಪದಗಳಲ್ಲಿ ಹಂಚಿಹೋಗಿವೆ! ಪ್ರಥಮಾ ವಿಭಕ್ತಿಯಲ್ಲಿರುವುದೇ ಕರ್ತೃ ಎಂದು ಬಾಯಿಪಾಠ ಮಾಡಿಸಿದರೆ ಈ ಸೂಕ್ಷ್ಮ ಕಾಣುವುದೇ ಇಲ್ಲ.

ನಮ್ಮ ಪ್ರಾಚೀನ ವೈಯಾಕರಣರ ಗಮನ ಹೆಚ್ಚಾಗಿ ಪದದ ಮೇಲಿತ್ತು. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳಿವೆ, ವಾಕ್ಯಕ್ಕೆಂದೇ ಒಂದು ಪ್ರಕರಣವಿಲ್ಲ. ಇದು ಅವನ ನ್ಯೂನತೆಯೆಂದು ನಾನು ಹೇಳಲಾರೆ. ಸಂಸ್ಕೃತದ ಚೌಕಟ್ಟನ್ನು ಶತಮಾನಗಳ ತರುವಾಯವೂ ಶಾಲೆಗಳಲ್ಲಿ ಮುಂದುವರಿಸಿದವರು ನಾವು. ಅಮೆರಿಕದ ಚಾಮ್‌ಸ್ಕಿಯವರ 1957ರ ಗ್ರಂಥದ ಬಳಿಕ ಜಗತ್ತಿನ ಭಾಷಾವಿಜ್ಞಾನದಲ್ಲಿ ವಾಕ್ಯರಚನೆಗೆ ಅಗ್ರಸ್ಥಾನ ದೊರೆಯಿತು. ನಮ್ಮಲ್ಲಿ ಡಿ. ಎನ್. ಶಂಕರ ಭಟ್ಟರು ತುಳುವನ್ನೂ ಹವ್ಯಕವನ್ನೂ ವಿಶ್ಲೇಷಿಸಿ, ಕನ್ನಡ ವಾಕ್ಯಗಳ ಕಡೆಗೆ ಹೊರಳಿ, ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ವೆಂದು ವಾದಿಸಿದರು. ಮಹಾಪ್ರಾಣಾಕ್ಷರಗಳನ್ನು ಕೈಬಿಡಬೇಕೆನ್ನುವ ಅವರ ಅಭಿಪ್ರಾಯ ನನಗೆ ಒಪ್ಪಿಗೆಯಿಲ್ಲ. ಆ ಜಗಳದ ಗದ್ದಲದಲ್ಲಿ ಅವರ ವಾಕ್ಯವಿಚಾರವನ್ನು ಓದದೆ ಬಿಟ್ಟವರೇ ಹೆಚ್ಚು ಎಂಬುದು ಮಾತ್ರ ವ್ಯಸನದ ಸಂಗತಿ.

‘ಹುಲಿ ಕೊಂದ ಬೇಟೆಗಾರ’ ಎಂದರೆ ಸತ್ತದ್ದು ಯಾರು? ಹುಲಿಯೂ ಆಗಬಹುದು, ಬೇಟೆಗಾರನೂ ಆಗಬಹುದು. ‘ಹುಲಿಯನ್ನು’ ಎಂದೊಡನೆ ಬೇಟೆಗಾರ ಬದುಕಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ‘ಯಾರು’ ಎಂಬರ್ಥದ ಪದವೊಂದನ್ನು ನಡುವೆ ತಂದು, ಪದಗಳ ಸ್ಥಾನದಿಂದಲೇ ಈ ಭೇದವನ್ನು ತೋರಿಸುತ್ತಾರೆ; ನಮಗೆ ಕೃದಂತವೂ ಒಂದು ಪ್ರತ್ಯಯವೂ ಸಾಕು. ವಿಭಕ್ತಿಯ ಪ್ರಯೋಜನವೇನೆಂದು ಹತ್ತು ವರ್ಷದ ಹುಡುಗನಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಆದರೆ ಆ ಹುಡುಗನಿಂದ ನಾವು ಬರೆಯಿಸುವುದು, ಅಜ್ಜಾವರದಲ್ಲಿ ಯಾರ ಬಾಯಿಂದಲೂ ಹೊರಡದ ‘ರಾಮನಿಂದ ಹಣ್ಣು ತಿನ್ನಲ್ಪಟ್ಟಿತು’ ಎಂಬ ವಾಕ್ಯವನ್ನು.