ತಾಯಿ ಕಾಣದ ಮರಿಗಳು: ನಾಯಿಮರಿ ದಂಧೆಗೆ ಕಡಿವಾಣ ಬಿದ್ದೀತೆ?

ಬೆಂಗಳೂರು: 2022ರ ಜೂನ್‌ನಲ್ಲಿ ತೆರೆಕಂಡ ‘777 ಚಾರ್ಲಿ’ ಚಿತ್ರವನ್ನು ನೋಡಿ ಕಣ್ಣೊರೆಸಿಕೊಳ್ಳುತ್ತ ಹೊರಬಂದವರು ಅಸಂಖ್ಯ. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರೂ ಚಿತ್ರ ವೀಕ್ಷಿಸಿ ಗದ್ಗದಿತರಾಗಿದ್ದರು. ರಾಜ್ಯ ಸರ್ಕಾರ ಚಿತ್ರಕ್ಕೆ ತೆರಿಗೆ ವಿನಾಯಿತಿ ನೀಡಿತು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು. ಲ್ಯಾಬ್ರಡಾರ್ ನಾಯಿಯೊಂದರ ಈ ಕಥೆ ಆರಂಭವಾಗುವುದು ಅಕ್ರಮವಾಗಿ ನಾಯಿಮರಿಗಳನ್ನು ಹುಟ್ಟಿಸಿ ಮಾರುವವನ ಗೂಡಿನಿಂದ. ಆ ನಾಯಿಯನ್ನು ಕಾಡುವ ರೋಗದ ಬೇರು ಕೂಡ ಅಲ್ಲಿಯೇ, ರಕ್ತಸಂಬಂಧಿ ನಾಯಿಗಳನ್ನು ಕೂಡಿಸಿ ಸಂತಾನ ಪಡೆಯುವ ಪದ್ಧತಿಯಲ್ಲಿಯೇ ಇದೆ.

ತೆರೆಯ ಮೇಲಿನ ಚಾರ್ಲಿಗಾಗಿ ಮರುಗಿದ ನಗರವಾಸಿಗಳ ನಡುವೆಯೇ ನಿಜ ಜೀವನದ ಈ ವಹಿವಾಟು ನಡೆಯುತ್ತಿದೆ. ಹೆದ್ದಾರಿಯ ಬದಿಯಲ್ಲಿ, ಬಸ್ ನಿಲ್ದಾಣದ ಹೊರಗೆ, ಬಡಾವಣೆಯ ತಿರುವಿನಲ್ಲಿ ರಟ್ಟಿನ ಪೆಟ್ಟಿಗೆಯೊಂದು ಕೈ ಬದಲಾಗುತ್ತದೆ. ಒಳಗೆ ಐದೋ ಆರೋ ವಾರದ ಮರಿ. ಹಣ ಕೊಟ್ಟವರಿಗೆ ಅದರ ತಾಯಿಯೆಲ್ಲಿ ಎಂಬುದು ತಿಳಿಯದು. ಬಹಳಷ್ಟು ಮಂದಿ ಕೇಳುವುದೂ ಇಲ್ಲ.

ಏನಿದು ‘ಪಪ್ಪಿ ಮಿಲ್’?

ಲಾಭವೊಂದನ್ನೇ ಗುರಿಯಾಗಿಸಿಕೊಂಡು, ನಾಯಿಗಳ ಆರೋಗ್ಯ, ಸ್ವಚ್ಛತೆ, ವಿಶ್ರಾಂತಿ ಯಾವುದನ್ನೂ ಲೆಕ್ಕಿಸದೆ ಒಂದರ ಮೇಲೊಂದರಂತೆ ಮರಿಗಳನ್ನು ಉತ್ಪಾದಿಸುವ ತಾಣಗಳನ್ನು ‘ಪಪ್ಪಿ ಮಿಲ್’ ಎಂದು ಕರೆಯಲಾಗುತ್ತದೆ. ಹೆಸರು ಕೇಳಿ ದೊಡ್ಡ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಬೇಕಿಲ್ಲ. ಮನೆಯ ತಾರಸಿ, ನೆಲಮಾಳಿಗೆ, ಊರ ಹೊರಗಿನ ತಗಡಿನ ಶೆಡ್ಡು ಇಷ್ಟಿದ್ದರೆ ಸಾಕು, ದಂಧೆ ನಡೆಯುತ್ತದೆ.

ಇದರ ಕ್ರೌರ್ಯವನ್ನು ಅರಿಯಲು ಸಣ್ಣ ಲೆಕ್ಕವೊಂದು ನೆರವಾಗುತ್ತದೆ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ. ಗರ್ಭಧಾರಣೆಯ ಅವಧಿ ಸುಮಾರು 63 ದಿನ. ಮೊದಲ ಬೆದೆಯಿಂದಲೇ ಆರಂಭಿಸಿ, ಪ್ರತಿ ಬೆದೆಯಲ್ಲೂ ಕೂಡಿಸುತ್ತ ಹೋದರೆ ಮೂರು, ಮೂರೂವರೆ ವರ್ಷ ತುಂಬುವ ಹೊತ್ತಿಗೆ ಅದು ಐದು ಬಾರಿ ಹೆತ್ತಿರುತ್ತದೆ. ಹಿಂದಿನ ಹೆರಿಗೆಯ ಬಸವಳಿಕೆ ತೀರುವ ಮುನ್ನವೇ ಮುಂದಿನ ಬಸಿರು. ಕಾನೂನಿನಂತೆ ನಡೆದರೆ ಇದೇ ಐದನೆಯ ಹೆರಿಗೆಗೆ ನಾಯಿಗೆ ಐದೂವರೆ ವರ್ಷ ದಾಟಿರಬೇಕು. ಈ ಎರಡು ವರ್ಷಗಳ ಅಂತರವೇ ದಂಧೆಕೋರರ ಲಾಭ. ತಾಯಿ ನಾಯಿ ತೆರುವ ಬೆಲೆಯೂ ಅದೇ. ಹೆರುವ ಶಕ್ತಿ ಉಡುಗಿದ ಮೇಲೆ ಅಂಥ ನಾಯಿ ಬೀದಿಗೆ ಬೀಳುತ್ತದೆ, ಇಲ್ಲವೇ ಅನಾಥಾಲಯದ ಬಾಗಿಲಿಗೆ ಬರುತ್ತದೆ.

ರಕ್ತಸಂಬಂಧದ ಸಂಯೋಗ ಇನ್ನೊಂದು ಪಿಡುಗು. ಹೊರಗಿನಿಂದ ಗಂಡು ನಾಯಿ ತರುವ ಖರ್ಚನ್ನು ಉಳಿಸಲು ಅಣ್ಣ-ತಂಗಿ, ತಂದೆ-ಮಗಳ ನಡುವೆಯೇ ಸಂತಾನ ಪಡೆಯಲಾಗುತ್ತದೆ. ಒಂದೇ ಬಗೆಯ ದೋಷಪೂರಿತ ವಂಶವಾಹಿ ತಂದೆ-ತಾಯಿ ಇಬ್ಬರಿಂದಲೂ ಬಂದಾಗ ಸುಪ್ತವಾಗಿದ್ದ ರೋಗ ಮರಿಯಲ್ಲಿ ಪ್ರಕಟವಾಗುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ ಸೊಂಟದ ಕೀಲು ಸಡಿಲಗೊಳ್ಳುವ ತೊಂದರೆ ವಂಶಪಾರಂಪರ್ಯವಾಗಿ ಬರುವಂಥದ್ದು. ಇದನ್ನು ಎಕ್ಸ್-ರೇ ಮೂಲಕ ಪರೀಕ್ಷಿಸಿ, ದೋಷವಿರುವ ನಾಯಿಗಳನ್ನು ಸಂತಾನೋತ್ಪತ್ತಿಯಿಂದ ದೂರವಿಡುವುದು ಜವಾಬ್ದಾರಿಯುತ ತಳಿಗಾರರ ಕ್ರಮ. ಮಿಲ್ಲುಗಳಲ್ಲಿ ಆ ಗೊಡವೆಯಿಲ್ಲ.

ಜಾಹೀರಾತು ತಂದ ಬೇಡಿಕೆ

2003ರಲ್ಲಿ ಮೊಬೈಲ್ ಸೇವಾ ಕಂಪನಿ ಹಚ್‌ನ ಜಾಹೀರಾತಿನಲ್ಲಿ ಬಾಲಕನೊಬ್ಬನ ಹಿಂದೆ ಹಿಂದೆಯೇ ಓಡಾಡಿದ ಪುಟ್ಟ ಪಗ್ ನಾಯಿಯನ್ನು ಟಿ.ವಿ. ನೋಡುತ್ತಿದ್ದ ಯಾರೂ ಮರೆತಿರಲಾರರು. ಅಲ್ಲಿಯವರೆಗೆ ಬಹುತೇಕರಿಗೆ ಹೆಸರೇ ಗೊತ್ತಿಲ್ಲದಿದ್ದ ಆ ತಳಿಗೆ ದೇಶದಾದ್ಯಂತ ಬೇಡಿಕೆ ಏರಿತು. ಬೇಡಿಕೆ ಬಂದಲ್ಲಿ ಪೂರೈಕೆದಾರರು ಹುಟ್ಟಿಕೊಳ್ಳುವುದು ವ್ಯಾಪಾರದ ನಿಯಮ. ಗಾಳಿ ಬಂದಾಗ ತೂರಿಕೊಂಡವರು ತೂರಿಕೊಂಡರು.

ಚಪ್ಪಟೆ ಮೂತಿಯ ಪಗ್‌ಗೆ ಉಸಿರಾಟವೇ ಒಂದು ಶ್ರಮ. ನಾಯಿಗಳು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತವೆ. ಶ್ವಾಸನಾಳ ಕಿರಿದಾದ ತಳಿಗಳಿಗೆ ಅದು ಸುಲಭಸಾಧ್ಯವಲ್ಲ. ಬಿರುಬೇಸಿಗೆಯಲ್ಲಿ ಅವು ಕುಸಿದು ಬೀಳುವುದು ಇದರಿಂದಲೇ. ಹಿಮಪ್ರದೇಶದಲ್ಲಿ ಜಾರುಬಂಡಿ ಎಳೆಯಲೆಂದು ರೂಪುಗೊಂಡ ಹಸ್ಕಿ ತಳಿಯನ್ನು ಕಲಬುರಗಿ, ರಾಯಚೂರುಗಳ ಬಿಸಿಲಿನಲ್ಲಿ ಸಾಕುವುದು ಆ ಜೀವಕ್ಕೆ ಎಸಗುವ ಅನ್ಯಾಯವೇ ಸರಿ.

ಒಂದೇ ವಾರದ ಸಂಭ್ರಮ

ಕೊಂಡು ತಂದ ಮರಿ ಮೂರ್ನಾಲ್ಕು ದಿನ ಮನೆಯೆಲ್ಲ ಓಡಾಡಿ, ಆಮೇಲೆ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ವಾಂತಿ, ರಕ್ತಮಿಶ್ರಿತ ಭೇದಿ ಆರಂಭವಾಗುತ್ತದೆ. ಇದು ಪಾರ್ವೊ ವೈರಾಣು ಸೋಂಕಿನ ಲಕ್ಷಣ. ಸೋಂಕು ತಗುಲಿದ ಬಳಿಕ ಲಕ್ಷಣಗಳು ಗೋಚರಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಹೀಗಾಗಿ ಮಾರಾಟದ ದಿನ ಆರೋಗ್ಯವಾಗಿಯೇ ಕಾಣುವ ಮರಿ ವಾರದೊಳಗೆ ಸಾವಿನ ದವಡೆಗೆ ಸಿಲುಕುತ್ತದೆ. ಮಾರಿದವನ ಮೊಬೈಲ್ ಅಷ್ಟರಲ್ಲಿ ಸ್ವಿಚ್ ಆಫ್ ಆಗಿರುತ್ತದೆ.

ಮರಿಗೆ ಆರಂಭದ ರಕ್ಷಣೆ ದೊರೆಯುವುದು ತಾಯಿಯ ಹಾಲಿನ ಮೂಲಕ. ಆ ರಕ್ಷಣೆ ಕ್ಷೀಣಿಸುತ್ತಿದ್ದಂತೆ, ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಲಸಿಕೆ ಆರಂಭಿಸಿ ಕಂತುಗಳಲ್ಲಿ ಪೂರ್ಣಗೊಳಿಸಬೇಕು. ತಾಯಿಗೇ ಲಸಿಕೆ ಹಾಕಿಸದ, ಕೊಳಕು ತುಂಬಿದ ಗೂಡಿನಿಂದ ಅವಧಿಗೆ ಮುನ್ನವೇ ಬೇರ್ಪಡಿಸಿದ ಮರಿಗೆ ಈ ಎರಡೂ ಆಸರೆಗಳಿಲ್ಲ. ಜೊತೆಗೆ, ಕಚ್ಚುವ ಬಲವನ್ನು ಹತೋಟಿಯಲ್ಲಿಡುವುದು, ಅಪರಿಚಿತರಿಗೆ ಹೆದರದಿರುವುದು ಮುಂತಾದ ಪಾಠಗಳನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವರ ಸಂಗದಲ್ಲಿ. ಆ ಸಂಗ ತಪ್ಪಿದ ಮರಿ ಮುಂದೆ ಅಂಜುಬುರುಕ ಅಥವಾ ಮುಂಗೋಪಿ ನಾಯಿಯಾಗುವ ಸಾಧ್ಯತೆ ಹೆಚ್ಚು. ‘ಕಚ್ಚುತ್ತದೆ’ ಎಂಬ ಕಾರಣ ನೀಡಿ ಅದನ್ನು ಬೀದಿಗೆ ಬಿಡುವುದು ಕಥೆಯ ಕೊನೆಯ ಅಧ್ಯಾಯ.

ನಿಯಮಗಳು ಏನು ಹೇಳುತ್ತವೆ?

ಸಾಕುಪ್ರಾಣಿ ಮಳಿಗೆಗಳು ಹಾಗೂ ನಾಯಿ ತಳಿ ವ್ಯಾಪಾರವನ್ನು ನಿಯಂತ್ರಿಸಬೇಕೆಂದು ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ 2015ರಲ್ಲಿ ತನ್ನ 261ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳನ್ನು, 2018ರಲ್ಲಿ ಸಾಕುಪ್ರಾಣಿ ಮಳಿಗೆ ನಿಯಮಗಳನ್ನು ಜಾರಿಗೊಳಿಸಿತು.

2017ರ ನಿಯಮಗಳ ಮುಖ್ಯಾಂಶಗಳು ಹೀಗಿವೆ: ನಾಯಿಮರಿ ಮಾರುವ ಪ್ರತಿಯೊಬ್ಬ ತಳಿಗಾರನೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನಡುವಿನ ವ್ಯಾಪಾರಿಗಳೂ ಈ ವ್ಯಾಖ್ಯೆಗೆ ಒಳಪಡುತ್ತಾರೆ. ಹದಿನೆಂಟು ತಿಂಗಳು ತುಂಬದ, ಎಂಟು ವರ್ಷ ಮೀರಿದ ಹೆಣ್ಣು ನಾಯಿಯಿಂದ ಸಂತಾನ ಪಡೆಯುವಂತಿಲ್ಲ. ವರ್ಷಕ್ಕೆ ಒಂದಕ್ಕಿಂತ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಬಾರಿ ಹೆರಿಸುವಂತಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮರಿಗೆ ಮೈಕ್ರೊಚಿಪ್ ಅಳವಡಿಸಿರಬೇಕು. ಹುಟ್ಟು, ಸಾವು, ಮಾರಾಟಗಳ ದಾಖಲೆ ಇಡಬೇಕು.

ಕಾಗದದ ಮೇಲೆ ಇವು ಅಚ್ಚುಕಟ್ಟಾದ ನಿಯಮಗಳೇ. ತೊಡಕಿರುವುದು ಜಾರಿಯಲ್ಲಿ. ನೋಂದಣಿಗೆ ಬಂದವರನ್ನು ಮಂಡಳಿ ತಪಾಸಣೆ ಮಾಡಬಹುದು. ನೋಂದಣಿಯ ಗೊಡವೆಗೇ ಹೋಗದೆ ಮನೆಯ ಹಿತ್ತಿಲಲ್ಲಿ ಮರಿ ಹುಟ್ಟಿಸಿ, ಮೊಬೈಲ್ ಮೂಲಕವೇ ಗಿರಾಕಿ ಹುಡುಕುವವರನ್ನು ಪತ್ತೆಹಚ್ಚುವುದು ಕಷ್ಟ. ಸಿಕ್ಕಿಬಿದ್ದರೂ ಮೂಲ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ! ದಶಕಗಳ ಹಿಂದೆ ನಿಗದಿಯಾದ ಮೊತ್ತವಿದು. ಸಾಕಿದ ನಾಯಿಯನ್ನು ಹಸಿವಿಗೆ ದೂಡಿ ಬೀದಿಪಾಲು ಮಾಡಿದವರಿಗೂ ಇದೇ ದಂಡ. ಒಂದು ಮರಿಗೆ ಸಾವಿರಾರು ರೂಪಾಯಿ ಎಣಿಸುವವರಿಗೆ ಇದು ಲೆಕ್ಕಕ್ಕೇ ಬಾರದು. ದಂಡವನ್ನು ಹೆಚ್ಚಿಸುವ ತಿದ್ದುಪಡಿ ಕರಡನ್ನು ಕೇಂದ್ರ 2022ರಲ್ಲಿ ಸಾರ್ವಜನಿಕರ ಮುಂದಿರಿಸಿತ್ತು.

ಅವಸರದ ಆದೇಶಗಳು ನಿಲ್ಲುವುದಿಲ್ಲ ಎಂಬುದಕ್ಕೂ ರಾಜ್ಯದಲ್ಲಿಯೇ ನಿದರ್ಶನವಿದೆ. ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ಮಾರಾಟ ಹಾಗೂ ಸಂತಾನೋತ್ಪತ್ತಿಯನ್ನು ನಿಷೇಧಿಸುವಂತೆ ಕೇಂದ್ರವು 2024ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಸಂಬಂಧಪಟ್ಟವರ ಅಹವಾಲನ್ನೇ ಆಲಿಸದೆ ಹೊರಡಿಸಲಾಗಿದೆ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಕಾನೂನುಬದ್ಧ ಪ್ರಕ್ರಿಯೆ ಅನುಸರಿಸಿ ಹೊಸದಾಗಿ ಕ್ರಮ ಕೈಗೊಳ್ಳಲು ಮಾತ್ರ ಅಡ್ಡಿಯಿಲ್ಲ ಎಂದಿತು.

ಹೊರದೇಶಗಳ ದಾರಿ

ವೇಲ್ಸ್‌ನ ಮರಿ ಉತ್ಪಾದನಾ ತಾಣವೊಂದರಿಂದ 2013ರಲ್ಲಿ ರಕ್ಷಿಸಲ್ಪಟ್ಟ ಲೂಸಿ ಎಂಬ ಸ್ಪ್ಯಾನಿಯಲ್ ತಳಿಯ ಹೆಣ್ಣು ನಾಯಿ, ಸತತ ಹೆರಿಗೆಗಳಿಂದ ಜರ್ಜರಿತವಾಗಿತ್ತು. ಅದರ ಹೆಸರಿನಲ್ಲಿ ನಡೆದ ಆಂದೋಲನದ ಫಲವಾಗಿ ‘ಲೂಸಿ ಕಾನೂನು’ 2020ರ ಏಪ್ರಿಲ್ 6ರಿಂದ ಇಂಗ್ಲೆಂಡ್‌ನಲ್ಲಿ ಜಾರಿಗೆ ಬಂದಿತು. ಆರು ತಿಂಗಳೊಳಗಿನ ನಾಯಿ, ಬೆಕ್ಕಿನ ಮರಿಗಳನ್ನು ಮಧ್ಯವರ್ತಿಗಳು ಮಾರುವಂತಿಲ್ಲ. ಕೊಳ್ಳುವವರು ನೇರವಾಗಿ ತಳಿಗಾರರಲ್ಲಿಗೆ ಹೋಗಿ ತಾಯಿಯ ಜೊತೆಯಲ್ಲಿಯೇ ಮರಿಯನ್ನು ನೋಡಬೇಕು, ಇಲ್ಲವೇ ಆಶ್ರಯ ಕೇಂದ್ರದಿಂದ ದತ್ತು ಪಡೆಯಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾ 2019ರಿಂದ, ನ್ಯೂಯಾರ್ಕ್ ರಾಜ್ಯ 2024ರ ಡಿಸೆಂಬರ್‌ನಿಂದ ಮಳಿಗೆಗಳಲ್ಲಿ ನಾಯಿಮರಿಗಳ ವ್ಯಾಪಾರಕ್ಕೆ ತಡೆ ಹಾಕಿವೆ. ಫ್ರಾನ್ಸ್‌ನಲ್ಲೂ 2024ರ ಜನವರಿಯಿಂದ ಅಂಗಡಿಗಳಲ್ಲಿ ನಾಯಿ, ಬೆಕ್ಕುಗಳ ಮಾರಾಟ ನಿಂತಿದೆ. ಈ ಎಲ್ಲ ಕಾನೂನುಗಳ ತಿರುಳು ಒಂದೇ: ಮರಿ ಹುಟ್ಟಿದ ಜಾಗ ಮತ್ತು ಕೊಳ್ಳುವವರ ನಡುವಿನ ಪರದೆಯನ್ನು ತೆಗೆದುಹಾಕುವುದು.

ದತ್ತು: ಹೆಚ್ಚುತ್ತಿರುವ ಒಲವು

ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಸ್ಥಾಪಿಸಿದ ‘ಕ್ಯೂಪಾ’ ಸೇರಿದಂತೆ ಹಲವು ಸಂಸ್ಥೆಗಳು ತೊರೆಯಲ್ಪಟ್ಟ ಹಾಗೂ ಬೀದಿಯಲ್ಲಿ ಹುಟ್ಟಿದ ನಾಯಿಗಳಿಗೆ ಮನೆ ಹುಡುಕುವ ಕೆಲಸ ಮಾಡುತ್ತಿವೆ. ದತ್ತು ಪ್ರಕ್ರಿಯೆಯಲ್ಲಿ ಅರ್ಜಿ, ಸಂದರ್ಶನ, ಮನೆಯ ಪರಿಶೀಲನೆ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಮುಚ್ಚಳಿಕೆ ಮುಂತಾದ ಹಂತಗಳಿರುವುದು ಸಾಮಾನ್ಯ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯಿದೆಯೇ, ಮನೆಮಂದಿಯೆಲ್ಲರೂ ಒಪ್ಪಿದ್ದಾರೆಯೇ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳು ಕೆಲವರಿಗೆ ಕಿರಿಕಿರಿ ಎನಿಸಬಹುದು. ಆದರೆ ಹಣ ಪಡೆದು ಪೆಟ್ಟಿಗೆ ಕೊಟ್ಟು ಕಣ್ಮರೆಯಾಗುವವರು ಎಂದೂ ಕೇಳದ ಪ್ರಶ್ನೆಗಳಿವು.

ನಗರದ ಹಿಂದಿನ ಮಹಾನಗರ ಪಾಲಿಕೆ 2023ರಲ್ಲಿ ನಡೆಸಿದ ಸಮೀಕ್ಷೆಯಂತೆ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. 2019ರಲ್ಲಿ ಈ ಸಂಖ್ಯೆ ಸುಮಾರು 3.10 ಲಕ್ಷವಿತ್ತು. ಸಂತಾನಹರಣ ಚಿಕಿತ್ಸೆ ಈ ಇಳಿಕೆಗೆ ಮುಖ್ಯ ಕಾರಣ. ಒಂದೆಡೆ ಸಾರ್ವಜನಿಕ ಹಣದಲ್ಲಿ ಬೀದಿ ನಾಯಿಗಳ ಸಂಖ್ಯೆ ತಗ್ಗಿಸುತ್ತ, ಇನ್ನೊಂದೆಡೆ ಸಂತಾನಹರಣವಾಗದ ಸಾಕುನಾಯಿಗಳನ್ನು ಬೀದಿಗೆ ಬಿಡುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತೆ. ಸಾಕುನಾಯಿಯ ಲಸಿಕೆ ಹಾಗೂ ಸಂತಾನಹರಣದ ಹೊಣೆ ಮಾಲೀಕರದ್ದೇ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸ್ಪಷ್ಟಪಡಿಸಿವೆ. ಬೀದಿ ನಾಯಿಗಳನ್ನು ದತ್ತು ಪಡೆಯಲು ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು, ಆದರೆ ಅವು ಮತ್ತೆ ಬೀದಿಗೆ ಮರಳದಂತೆ ನೋಡಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ.

ಈ ನೆಲದ ಹವೆಗೆ ಒಗ್ಗಿದ ಬೀದಿ ನಾಯಿಗಳಿಗೆ ಉದ್ದ ಕೂದಲ ತಳಿಗಳಂತೆ ನಿತ್ಯ ಆರೈಕೆ ಬೇಡ. ಬುದ್ಧಿ, ನಿಷ್ಠೆಗಳಲ್ಲಿ ಅವು ಯಾವ ತಳಿಗೂ ಕಡಿಮೆಯಲ್ಲ.

ಕೊಳ್ಳಲೇಬೇಕೆಂದರೆ...

ನಿರ್ದಿಷ್ಟ ತಳಿಯ ನಾಯಿಯೇ ಬೇಕೆನ್ನುವವರು ಕೆಲವು ಅಂಶಗಳನ್ನು ಗಮನಿಸಬೇಕು.

* ಮರಿ ಹುಟ್ಟಿದ ಸ್ಥಳಕ್ಕೆ ಸ್ವತಃ ಹೋಗಿ ತಾಯಿ ನಾಯಿಯನ್ನು ನೋಡಬೇಕು. ‘ನಾವೇ ತಂದುಕೊಡುತ್ತೇವೆ’ ಎಂಬ ಸೌಜನ್ಯವೇ ಎಚ್ಚರಿಕೆಯ ಗಂಟೆ.

* ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಪ್ರಮಾಣಪತ್ರವನ್ನು ಕೇಳಬೇಕು. ಕೆನಲ್ ಕ್ಲಬ್‌ನ ಪತ್ರ ವಂಶಾವಳಿಯನ್ನು ತಿಳಿಸುತ್ತದೆಯೇ ಹೊರತು ಅದು ಸರ್ಕಾರದ ಪರವಾನಗಿಯೂ ಅಲ್ಲ, ಆರೋಗ್ಯದ ಖಾತರಿಯೂ ಅಲ್ಲ.

* ಲಸಿಕೆ ಪುಸ್ತಕದಲ್ಲಿ ಲಸಿಕೆಯ ಲೇಬಲ್, ದಿನಾಂಕ, ಪಶುವೈದ್ಯರ ಸಹಿ ಇವೆಯೇ ಎಂದು ಪರಿಶೀಲಿಸಬೇಕು.

* ಎಂಟು ವಾರ ತುಂಬದ ಮರಿಯನ್ನು ಯಾವ ಕಾರಣಕ್ಕೂ ಒಪ್ಪಿಕೊಳ್ಳಬಾರದು.

* ಕನಿಕರಪಟ್ಟು ಸೊರಗಿದ ಮರಿಯನ್ನು ಕೊಂಡರೆ ಒಂದು ಜೀವ ಉಳಿದೀತು. ಆದರೆ ಆ ಹಣದಿಂದಲೇ ಮುಂದಿನ ಗೂಡು ತುಂಬುತ್ತದೆ. ಅಂಥ ಸ್ಥಳ ಕಂಡರೆ ಪೊಲೀಸರಿಗೆ, ಪಶುಪಾಲನಾ ಇಲಾಖೆಗೆ ಅಥವಾ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ದೂರು ನೀಡುವುದು ಸೂಕ್ತ.

ನಾಯಿಯ ಆಯುಷ್ಯ ಹತ್ತರಿಂದ ಹದಿನೈದು ವರ್ಷ. ಮಗುವಿನ ಹುಟ್ಟುಹಬ್ಬಕ್ಕೆ ತಂದ ಮರಿ, ಆ ಮಗು ಕಾಲೇಜು ಮೆಟ್ಟಿಲು ಹತ್ತುವವರೆಗೂ ಮನೆಯಲ್ಲಿರುತ್ತದೆ. ಈ ದೀರ್ಘ ಹೊಣೆಯನ್ನು ಹೊರಲು ಸಿದ್ಧರಿದ್ದೇವೆಯೇ ಎಂದು ಮರಿಯನ್ನು ಎತ್ತಿಕೊಳ್ಳುವ ಮುನ್ನ ಯೋಚಿಸಬೇಕು. ಐವತ್ತು ರೂಪಾಯಿಯ ದಂಡ ದಂಧೆಕೋರರನ್ನು ಬೆದರಿಸಲಾರದು. ಗಿರಾಕಿಗಳಿಲ್ಲದ ಬಾಗಿಲು ಖಂಡಿತ ಬೆದರಿಸೀತು. ‘ಇದರ ತಾಯಿಯೆಲ್ಲಿ?’ ಎಂದು ಕೊಳ್ಳುವ ಪ್ರತಿಯೊಬ್ಬರೂ ಕೇಳಲಾರಂಭಿಸಿದ ದಿನ, ಉತ್ತರ ಕೊಡಲಾಗದ ಗೂಡುಗಳು ತಾವಾಗಿಯೇ ಮುಚ್ಚತೊಡಗುತ್ತವೆ.